ರಟ್ಟಿನ ಚೆಕ್ಕು ಮನೆಗೆ ಹೋಯಿತು

ಕೇಳುಗರಿಗೆ ನಮಸ್ಕಾರ.

ಕೋಲಾರದ ಕಡೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸ್ಟಾರ್ಟಪ್ ಸ್ಪರ್ಧೆ. ನಾನು ತೀರ್ಪುಗಾರರಲ್ಲಿ ಒಬ್ಬ. ಎಲ್ಲ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದರೆ, ಮೊದಲ ಬಹುಮಾನ ಗೆದ್ದ ತಂಡದ ಹುಡುಗಿ ಶಿಡ್ಲಘಟ್ಟದ ಬಸ್ಸಿನ ಮುಂದೆ ನಿಂತಿದ್ದಾಳೆ. ಕೈಯಲ್ಲಿ ಬಾಗಿಲಿನಷ್ಟು ಅಗಲದ ರಟ್ಟಿನ ಚೆಕ್ಕು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಐವತ್ತು ಸಾವಿರ ರೂಪಾಯಿ. ಕಂಡಕ್ಟರ್ ಹೇಳುತ್ತಿದ್ದರು: "ನಿಮಗೆ ಫ್ರೀ ಟಿಕೆಟ್ ಅಮ್ಮ, ಇದಕ್ಕಿಲ್ಲ. ಇದಕ್ಕೆ ಲಗೇಜ್ ಹಾಕ್ಲೇಬೇಕು."

ಅಲ್ಲಮ್ಮ, ದುಡ್ಡು ಹೇಗೂ ಅಕೌಂಟಿಗೆ ಬರುತ್ತದಲ್ಲ, ಈ ರಟ್ಟನ್ನು ಯಾಕೆ ಹೊತ್ತುಕೊಂಡು ಹೋಗ್ತೀಯ ಅಂತ ಕೇಳಿದೆ. "ಅಪ್ಪನಿಗೆ ತೋರಿಸ್ಬೇಕು ಸರ್" ಅಂದಳು.

ಇಂಥ ಸ್ಪರ್ಧೆ ಗೆದ್ದರೆ ಒಬ್ಬರ ವೃತ್ತಿಬದುಕಿಗೆ ಏನಾಗುತ್ತದೆ ಎಂದು ಮಾತಾಡಲು ಆಕಾಶವಾಣಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಮಾತು. ಬಹುಮಾನದ ಹಣ ನಾಲ್ಕು ಜನ ಹಂಚಿಕೊಂಡರೆ ಒಂದು ಲ್ಯಾಪ್‌ಟಾಪಿಗೂ ಸಾಲದು. ಆದರೆ ಕೈಗೆ ಬಂದ ಕೆಲಸದ ಆಫರ್ ಬಿಟ್ಟು ಬೇರೆ ದಾರಿ ಹಿಡಿಯುತ್ತೇನೆ ಅನ್ನುವವರಿಗೆ ಮನೆಯಲ್ಲಿ ತೋರಿಸಲು ಏನಾದರೂ ಬೇಕಲ್ಲ. ಕೆಲವೊಮ್ಮೆ ತಮಗೆ ತಾವೇ ತೋರಿಸಿಕೊಳ್ಳಲೂ ಬೇಕಾಗುತ್ತದೆ.

ಹೊರದೇಶದ ಒಂದು ಕಥೆ ಹೇಳುತ್ತೇನೆ. ಅಮೆರಿಕದ ಬಾಸ್ಟನ್ ನಗರದ ಪಕ್ಕ ಚಾರ್ಲ್ಸ್ ಅಂತ ಒಂದು ನದಿ ಹರಿಯುತ್ತದೆ. ಒಂದು ದಡದಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್, ಇನ್ನೊಂದು ದಡದಲ್ಲಿ ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯ. ಎರಡೂ ಕಡೆ ಹೊಸ ಉದ್ಯಮದ ಯೋಜನೆಗಳಿಗೆ ಸ್ಪರ್ಧೆ ನಡೆಯುತ್ತದೆ.

2009ರಲ್ಲಿ ಹಾರ್ವರ್ಡಿನಲ್ಲಿ ಮಿಶೆಲ್ ಝಾಟ್ಲಿನ್ ಎಂಬ ಕೆನಡಾದ ಹೆಣ್ಣುಮಗಳು ಎಂಬಿಎ ಓದುತ್ತಿದ್ದರು. ಮೊದಲು ಓದಿದ್ದು ರಸಾಯನಶಾಸ್ತ್ರ, ಡಾಕ್ಟರ್ ಆಗುವ ಆಸೆಯೂ ಇತ್ತಂತೆ. ಸಹಪಾಠಿ ಮ್ಯಾಥ್ಯೂ ಪ್ರಿನ್ಸ್ ಕಾನೂನು ಓದಿ ಬಂದವರು. ಪ್ರಿನ್ಸ್ ಮತ್ತು ಅವರ ಗೆಳೆಯ ಲೀ ಹಾಲೋವೇ 2004ರಲ್ಲೇ ಪ್ರಾಜೆಕ್ಟ್ ಹನಿ ಪಾಟ್ ಅಂತ ಒಂದು ವ್ಯವಸ್ಥೆ ಕಟ್ಟಿದ್ದರು. ಜಾಲತಾಣಗಳಿಂದ ಇಮೇಲ್ ವಿಳಾಸ ಕದ್ದು ಕಸದ ಮೇಲ್ ಕಳಿಸುವವರಿಗೆ ಅದು ಬೋನು, ಬಿದ್ದವರ ಗುರುತು ಹಿಡಿಯುತ್ತಿತ್ತು. ಸಾವಿರಾರು ಜಾಲತಾಣದವರು ತಾವಾಗೇ ಬಂದು ಸೇರಿದ್ದರು. ಕಳ್ಳ ಯಾರೆಂದು ಗೊತ್ತಾದ ಮೇಲೆ ಬಾಗಿಲಲ್ಲೇ ತಡೆಯಬಾರದೇಕೆ? ಮಿಶೆಲ್ ಹಿಡಿದುಕೊಂಡ ಎಳೆ ಅದು. ಅದನ್ನೇ ಯೋಜನೆಯಾಗಿ ಬರೆದರು. ಆ ಏಪ್ರಿಲ್‌ನಲ್ಲಿ ಹಾರ್ವರ್ಡಿನ ಸ್ಪರ್ಧೆ ಗೆದ್ದರು. ಆ ಯೋಜನೆಯ ಹೆಸರು ಕ್ಲೌಡ್‌ಫ್ಲೇರ್.

ಏಪ್ರಿಲ್ 2009 ಅಂದರೆ ಎಂಥ ಕಾಲ, ನೆನಪು ಮಾಡಿಕೊಳ್ಳಿ. ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿ ಏಳು ತಿಂಗಳು. ಇರುವ ಕೆಲಸ ಉಳಿದರೆ ಸಾಕು ಅಂತ ಜನ ಉಸಿರು ಬಿಗಿಹಿಡಿದು ಕೂತಿದ್ದ ದಿನ. ಓದು ಮುಗಿಯಲು ಕೆಲವೇ ವಾರ ಇರುವಾಗ ಬಂದ ಗೆಲುವು ಅದು. ಪದವಿ ಮುಗಿಸಿ ಕ್ಯಾಲಿಫೋರ್ನಿಯಾಕ್ಕೆ ಹೋದರು. ಪಾಲೋ ಆಲ್ಟೋದಲ್ಲಿ, ಉಗುರಿಗೆ ಬಣ್ಣ ಹಚ್ಚುವ ಅಂಗಡಿಯ ಮೇಲೆ ಆಫೀಸು ಮಾಡಿದರು. ನವೆಂಬರ್‌ಗೆ ಮೊದಲ ಬಂಡವಾಳ ಸಿಕ್ಕಿತು.

ಮರುವರ್ಷ, 2010ರ ಸೆಪ್ಟೆಂಬರ್ 27. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟೆಕ್‌ಕ್ರಂಚ್ ಡಿಸ್ರಪ್ಟ್ ಎಂಬ ದೊಡ್ಡ ಸ್ಪರ್ಧೆ. ಅದೇ ವೇದಿಕೆಯಲ್ಲಿ ಕ್ಲೌಡ್‌ಫ್ಲೇರ್ ಜಗತ್ತಿಗೆ ಮುಖ ತೋರಿಸಿತು. ಮೊದಲ ಬಹುಮಾನ ಬಂತೇ? ಇಲ್ಲ. ಐವತ್ತು ಸಾವಿರ ಡಾಲರ್ ಹೋದದ್ದು ಕ್ವಿಕಿ ಎಂಬ ಕಂಪನಿಗೆ. ಏನಾದರೂ ಹುಡುಕಿದರೆ ಚಿತ್ರ, ದನಿ ಸೇರಿಸಿ ನಮ್ಮ ಮುಂದೆ ಕಥೆಯಂತೆ ಹೇಳುವ ಸೇವೆ ಅದು. ವೇದಿಕೆಯ ಮೇಲೆ ನೋಡಲು ಸೊಗಸು. ಕ್ಲೌಡ್‌ಫ್ಲೇರ್ ಮಾಡುವ ಕೆಲಸವಾದರೋ ಚರಂಡಿ ಪೈಪಿನಂಥದ್ದು, ಸರಿಯಾಗಿದ್ದಷ್ಟೂ ಕಣ್ಣಿಗೆ ಕಾಣುವುದಿಲ್ಲ. ಆರೇಳು ನಿಮಿಷದಲ್ಲಿ ಯಾವುದಕ್ಕೆ ಚಪ್ಪಾಳೆ ಬೀಳುತ್ತದೆ, ನೀವೇ ಹೇಳಿ. ನಾನು ಅಲ್ಲಿ ಕೂತಿದ್ದರೂ ಬಹುಶಃ ಕ್ವಿಕಿಗೇ ಅಂಕ ಕೊಡುತ್ತಿದ್ದೆ.

ಕ್ವಿಕಿಗೆ ಗೆಲುವಿನ ಬೆನ್ನಿಗೇ ಬಂಡವಾಳ ಬಂತು, ಫೇಸ್‌ಬುಕ್‌ನ ಸಹಸ್ಥಾಪಕ ಎಡ್ವರ್ಡೋ ಸಾವೆರಿನ್ ಅವರೇ ಹಣ ಹಾಕಿದರು. ಆದರೆ ಸೇವೆ ಜನರ ದಿನನಿತ್ಯಕ್ಕೆ ಒಗ್ಗಲಿಲ್ಲ. ಫೋನಿನ ಫೋಟೋಗಳಿಂದ ವಿಡಿಯೋ ಮಾಡುವ ಆ್ಯಪ್ ಆಗಿ ವೇಷ ಬದಲಿಸಿತು. 2013ರಲ್ಲಿ ಯಾಹೂ ಕೊಂಡಿತು, ಮರುವರ್ಷ ಬಾಗಿಲು ಹಾಕಿತು. ಕಟ್ಟಿದವರಿಗೆ ನಷ್ಟವಾಯಿತು ಅಂತ ನಾನು ಹೇಳುತ್ತಿಲ್ಲ, ಕಂಪನಿ ಮಾರಿ ಹಣ ಪಡೆದವರು ಅವರು. ಎರಡನೆಯದಾಗಿ ಬಂದ ಕ್ಲೌಡ್‌ಫ್ಲೇರ್ 2019ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂತು. ಮಿಶೆಲ್ ಮುಂದೆ ಅದರ ಅಧ್ಯಕ್ಷೆಯಾದರು. ತಮಾಷೆ ಏನೆಂದರೆ, ಕಂಪನಿ ಪ್ರತಿವರ್ಷ ಹುಟ್ಟುಹಬ್ಬ ಮಾಡಿಕೊಳ್ಳುವುದು ಸೆಪ್ಟೆಂಬರ್ 27ರ ಲೆಕ್ಕದಲ್ಲಿ. ಗೆದ್ದ ದಿನ ಬಿಟ್ಟು, ಸೋತ ಸ್ಪರ್ಧೆಯ ದಿನ!

ಈಗ ಎದುರು ದಡ. ಹಾರ್ವರ್ಡಿನ ಆ ಗೆಲುವಿಗೂ ಹನ್ನೊಂದು ವರ್ಷ ಹಿಂದೆ, 1998ರಲ್ಲಿ, ಎಂಐಟಿಯ ಗಣಿತದ ಪ್ರೊಫೆಸರ್ ಟಾಮ್ ಲೇಟನ್ ಮತ್ತು ಅವರ ವಿದ್ಯಾರ್ಥಿ ಡ್ಯಾನಿ ಲೆವಿನ್ ಸೇರಿ ಅಲ್ಲಿನ ಐವತ್ತು ಸಾವಿರ ಡಾಲರಿನ ಸ್ಪರ್ಧೆಗೆ ನಿಂತರು. ಇಂಟರ್ನೆಟ್ಟಿನಲ್ಲಿ ಜನಸಂದಣಿ ಹೆಚ್ಚಾದಾಗ ಮಾಹಿತಿಯನ್ನು ಹಲವು ಕಡೆ ಇಟ್ಟು, ಕೇಳಿದವರಿಗೆ ಹತ್ತಿರದಿಂದ ತಲುಪಿಸುವ ಗಣಿತ ಅವರದು. ಪ್ರಬಂಧ ಬರೆಯುವುದು ಗೊತ್ತು, ವ್ಯಾಪಾರದ ಯೋಜನೆ ಗೊತ್ತಿಲ್ಲ. ಪ್ರೀತೀಶ್ ನಿಝಾವನ್ ಎಂಬ ಎಂಬಿಎ ವಿದ್ಯಾರ್ಥಿ ಅದಕ್ಕೆ ಕೈಜೋಡಿಸಿದರು. ಅಂತಿಮ ಸುತ್ತಿಗೆ ಬಂದರು, ಗೆಲ್ಲಲಿಲ್ಲ. ಆದರೆ ಸ್ಪರ್ಧೆಗೆಂದು ಬರೆದ ಯೋಜನೆಯೇ ಕಂಪನಿಯಾಯಿತು, ಹೆಸರು ಅಕಮಾಯ್. 1999ರ ಅಕ್ಟೋಬರ್‌ನಲ್ಲಿ ಷೇರುಪೇಟೆಗೂ ಬಂತು. ಲೆವಿನ್ 2001ರ ಸೆಪ್ಟೆಂಬರ್ 11ರಂದು ಭಯೋತ್ಪಾದಕರು ಅಪಹರಿಸಿದ ವಿಮಾನದಲ್ಲಿ ತೀರಿಕೊಂಡರು, 31 ವರ್ಷ. ಲೇಟನ್ 2013ರಲ್ಲಿ ಅದರ ಸಿಇಒ ಆದರು. ಪಾಠ ಮಾಡಿಕೊಂಡಿದ್ದ ಗಣಿತದ ಮೇಷ್ಟರ ಬದುಕು ಹೊರಳಿದ್ದು ಸೋತ ಸ್ಪರ್ಧೆಯೊಂದರಿಂದ. ಇಂದು ಅಕಮಾಯ್ ಮತ್ತು ಕ್ಲೌಡ್‌ಫ್ಲೇರ್ ಎರಡೂ ಜಾಲತಾಣಗಳನ್ನು ಕಾಯುವ, ಬೇಗ ತಲುಪಿಸುವ ಒಂದೇ ಮಾರುಕಟ್ಟೆಯಲ್ಲಿ ಎದುರಾಳಿಗಳು. ಅಕಮಾಯ್‌ನ ದೊಡ್ಡ ಕಚೇರಿಯೊಂದು ನಮ್ಮ ಬೆಂಗಳೂರಿನಲ್ಲೂ ಇದೆ.

ನಮ್ಮಲ್ಲಿ? 2015ರಲ್ಲಿ ಕರ್ನಾಟಕ ಸ್ಟಾರ್ಟಪ್ ನೀತಿ ತಂದಿತು, 2017ರಲ್ಲಿ ಎಲಿವೇಟ್ ಶುರುವಾಯಿತು. ತೀರ್ಪುಗಾರರ ಮುಂದೆ ಯೋಜನೆ ಹೇಳಿ ಆಯ್ಕೆಯಾದವರಿಗೆ 50 ಲಕ್ಷ ರೂಪಾಯಿವರೆಗೆ ಸಹಾಯಧನ. ಸಾಲವಲ್ಲ, ಕಂಪನಿಯಲ್ಲಿ ಸರ್ಕಾರ ಪಾಲನ್ನೂ ಕೇಳುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಉದ್ಯಮಿಗಳಿಗೆ ಎಲಿವೇಟ್ ಉನ್ನತಿ ಅಂತ ಬೇರೆಯೇ ಇದೆ. ಇದರಲ್ಲಿ ನನಗೆ ಹಿಡಿಸಿದ್ದು ಹಣ ಕಂತಿನಲ್ಲಿ ಬರುವುದು. ಹೇಳಿದ ಕೆಲಸ ಮಾಡಿ ತೋರಿಸಿದ ಮೇಲೆ ಮುಂದಿನ ಕಂತು. ಗೊಣಗುವವರಿದ್ದಾರೆ, ಇರಲಿ. ಊರೂರಿನ ಸ್ಪರ್ಧೆ ಸುತ್ತಿ, ಒಂದೇ ಸ್ಲೈಡುಗಳನ್ನು ತೋರಿಸಿ, ಶೋಕೇಸು ತುಂಬಿಸಿಕೊಂಡ ಹುಡುಗರನ್ನು ನಾನು ಕಂಡಿದ್ದೇನೆ. ಮಾತು ಪಳಗಿರುತ್ತದೆ. ಗಿರಾಕಿ ಒಬ್ಬನೂ ಇರುವುದಿಲ್ಲ.

ಶಿಡ್ಲಘಟ್ಟದ ಹುಡುಗಿಯ ಯೋಜನೆ ಏನೆಂದು ಹೇಳಲೇ ಇಲ್ಲ. ರೇಷ್ಮೆ ಹುಳು ಮನೆಯ ಶಾಖ, ತೇವ ಅಳೆದು ಫೋನಿಗೆ ತಿಳಿಸುವ ಸಣ್ಣ ಪೆಟ್ಟಿಗೆ. ಚಾಕಿ, ಅಂದರೆ ಎಳೆಯ ಹುಳುವಿಗೆ 27, 28 ಡಿಗ್ರಿ ಶಾಖ, ಶೇಕಡ 85, 90ರಷ್ಟು ತೇವ ಬೇಕು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಮುಗಿಸಿ ಎದ್ದ ಹುಳುವಿಗೆ 24 ಡಿಗ್ರಿ, 70ರಷ್ಟು ತೇವ ಸಾಕು. ಎಲ್ಲ ಚೆನ್ನಾಗೇ ಹೇಳಿದಳು. ನಾನೊಂದು ಪ್ರಶ್ನೆ ಹಾಕಿದೆ. "ನಿನ್ನ ಪೆಟ್ಟಿಗೆ ಸುಳ್ಳು ಹೇಳಿ ಬೆಳೆ ಹೋದರೆ ಯಾರು ಹೊಣೆ?" ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಪ್ಪನೂ ಇದನ್ನೇ ಕೇಳ್ತಾರೆ ಸರ್. ಅದಕ್ಕೇ ನಮ್ಮನೇಲೇ ಇನ್ನೂ ಇಡೋಕೆ ಬಿಟ್ಟಿಲ್ಲ" ಅಂದಳು. ಅಲ್ಲಿಯವರೆಗೆ ಅವಳು ಆಡಿದ್ದು ಸ್ಲೈಡಿನ ಮಾತು. ಇದು ಮಾತ್ರ ಹುಳು ಮನೆಯ ಮಾತು. ನಾನು ಅಂಕ ಕೊಟ್ಟದ್ದು ಇದಕ್ಕೆ.

ತಂಡದ ಇಬ್ಬರು ಬೆಂಗಳೂರಿನ ಕಂಪನಿಗಳಿಗೆ ಸೇರಿದರು, ಒಬ್ಬ ಉನ್ನತ ವ್ಯಾಸಂಗಕ್ಕೆ ಹೋದ. ತಪ್ಪೇನಿಲ್ಲ, ನಾಲ್ವರೂ ಒಂದೇ ಕಡೆ ಹೋಗಬೇಕೆಂಬ ನಿಯಮ ಎಲ್ಲಿದೆ. ಇವಳಿಗೂ ಸಾಫ್ಟ್‌ವೇರ್ ಕಂಪನಿಯೊಂದರ ಆಫರ್ ಕೈಯಲ್ಲಿತ್ತು. ಕಳೆದ ವಾರ ಫೋನ್ ಮಾಡಿದ್ದಳು. ಚೆಕ್ಕು ನೋಡಿ ಅಪ್ಪ ಏನಂದರಮ್ಮ ಅಂತ ಕೇಳಿದೆ.

"ಅದನ್ನ ಹುಳು ಮನೆ ಕಿಟಕಿಗೆ ಅಡ್ಡ ಕಟ್ಟಿದ್ದಾರೆ ಸರ್, ಬಿಸಿ ಗಾಳಿ ಬರ್ತಿತ್ತಂತೆ. ಆದ್ರೆ ಒಂದು ಮೂಲೆ ಹುಳು ನನಗೆ ಬಿಟ್ಟುಕೊಟ್ಟಿದ್ದಾರೆ, ಪೆಟ್ಟಿಗೆ ಇಟ್ಕೋ ಅಂತ. ಕೆಲಸಕ್ಕೆ ಸೇರೋಕೆ ಇನ್ನೂ ಮೂರು ತಿಂಗಳಿದೆ. ಅಷ್ಟರಲ್ಲಿ ಎರಡು ಬೆಳೆ ಆಗುತ್ತೆ."

ನಮಸ್ಕಾರ.