ನಾಯಿಗೆ ಹಾಲು ಹಾಕಬಹುದಾ? ಯಾವಾಗ ಹಾಕಲೇಬಾರದು?

[ದೃಶ್ಯ: ಬೆಳಗಿನ ಬೀದಿ. ಟೀ ಅಂಗಡಿ ಪಕ್ಕ ಒಂದು ನಾಯಿ. ಬಟ್ಟಲಲ್ಲಿ ಹಾಲು, ಅದರಲ್ಲಿ ನೆನೆದ ಬಿಸ್ಕತ್ತು.]

ನಿರೂಪಕಿ: ನಮಸ್ಕಾರ. ನಾಯಿಗೆ ಏನಾದ್ರೂ ಹಾಕ್ಬೇಕು ಅಂದ ತಕ್ಷಣ ನಮ್ಮ ಕೈ ಹೋಗೋದು ಎರಡಕ್ಕೇ. ಒಂದು ಪಾರ್ಲೆ-ಜಿ, ಇನ್ನೊಂದು ಹಾಲು. ಆಮೇಲೆ ಫೋನ್ ತೆಗೆದು ಹುಡುಕಿದ್ರೆ ‘ನಾಯಿಗೆ ಹಾಲು ವಿಷ’ ಅಂತ ಯಾರೋ ಬರೆದಿರ್ತಾರೆ. ಮನೇಲಿ ಅಜ್ಜಿ ಮಾತ್ರ, ‘ನಾವು ಹಾಲನ್ನ ಹಾಕೇ ನಾಯಿ ಸಾಕಿದ್ವಿ, ಏನಾಯ್ತು?’ ಅಂತಾರೆ.

ಅಜ್ಜಿ ಸುಳ್ಳು ಹೇಳ್ತಿಲ್ಲ. ಬೆಳೆದ, ಗಟ್ಟಿಮುಟ್ಟಾದ ನಾಯಿ ಸ್ವಲ್ಪ ಹಾಲು ಕುಡಿದ್ರೆ ಹೆಚ್ಚೆಂದರೆ ಭೇದಿ ಆಗುತ್ತೆ. ಹಾಲು ಜೀವಕ್ಕೇ ಕುತ್ತು ತರೋದು ಮರಿಗಳ ವಿಷಯದಲ್ಲಿ. ಅಲ್ಲಿಗೆ ಬರ್ತೀನಿ. ಮೊದಲು ಹೊಟ್ಟೆಯೊಳಗೆ ಏನಾಗುತ್ತೆ ನೋಡೋಣ.

[ಚಿತ್ರ: ನಾಯಿಯ ಸಣ್ಣಕರುಳು, ದೊಡ್ಡಕರುಳು]

ಹಾಲಲ್ಲಿ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಇದೆ. ಅದು ಹಾಗೇ ರಕ್ತಕ್ಕೆ ಸೇರಲ್ಲ, ಮೊದಲು ಒಡೀಬೇಕು. ಒಡೆಯೋ ಕೆಲಸ ಸಣ್ಣಕರುಳಿನ ಲ್ಯಾಕ್ಟೇಸ್ ಅನ್ನೋ ಕಿಣ್ವದ್ದು. ತಾಯಿ ಹಾಲು ಕುಡಿಯೋ ಮರಿಯಲ್ಲಿ ಇದು ಧಾರಾಳವಾಗಿರುತ್ತೆ, ಹಾಲು ಬಿಟ್ಟ ಮೇಲೆ ಕಡಿಮೆ ಆಗ್ತಾ ಹೋಗುತ್ತೆ. ಆಗ ಒಡೆಯದೇ ಉಳಿದ ಲ್ಯಾಕ್ಟೋಸ್ ದೊಡ್ಡಕರುಳಿಗೆ ಇಳಿದು ಅಲ್ಲಿಗೆ ನೀರು ಎಳ್ಕೊಳ್ಳುತ್ತೆ. ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಹುಳಿ ಬರಿಸಿ ಗ್ಯಾಸ್ ಮಾಡುತ್ತೆ. ಹೊಟ್ಟೆ ಗುಡುಗುಡು, ನೀರುನೀರಾದ ಮಲ, ಜೊತೆಗೆ ನೀವು ಸೋಫಾ ಬಿಟ್ಟು ಎದ್ದೋಗೋ ಥರದ ಹೂಸು.

ಎಲ್ಲ ನಾಯಿಗೂ ಹೀಗಾಗಲ್ಲ. ಕೆಲವಕ್ಕೆ ಲ್ಯಾಕ್ಟೇಸ್ ಸಾಕಷ್ಟು ಉಳಿದಿರುತ್ತೆ, ಇನ್ನು ಕೆಲವು ಮರಿಯಿಂದಲೇ ದಿನಾ ಸ್ವಲ್ಪ ಸ್ವಲ್ಪ ಕುಡಿದು ಒಗ್ಗಿಸಿಕೊಂಡಿರುತ್ತವೆ. ಮುಧೋಳದ ಕಡೆ ಜೋಳದ ರೊಟ್ಟೀನ ಹಾಲಲ್ಲಿ ಮುರಿದು ಹಾಕಿ ಬೆಳೆಸಿದ ಬೇಟೆನಾಯಿ ಇವೆಯಲ್ಲ, ಅಂಥವು. ನಾಯಿ ಅಂದ್ರೆ ಹಾಲು ಅನ್ನೋದು ನಮ್ಮಲ್ಲಿ ಬಹಳ ಹಳೇದು ಕೂಡ. ಮೈಲಾರಲಿಂಗನ ಗೊರವರು ದೇವರ ನಾಯಿಗಳ ಹಾಗೆ ಬೊಗಳುತ್ತಾ, ಭಕ್ತರು ದೋಣಿ ಅನ್ನೋ ಬಟ್ಟಲಿಗೆ ಹಾಕಿದ ಹಾಲು, ಬಾಳೆಹಣ್ಣನ್ನ ಬಾಯಲ್ಲೇ ತಿಂತಾರೆ.

ಆದ್ರೆ ಅಜ್ಜಿಗೆ ಒಂದು ಮಾತು ಕೇಳ್ಬೇಕು. ಅಜ್ಜೀ, ನಿಮ್ಮ ನಾಯಿ ಹೊಲಕ್ಕೆ ಹೋಗಿ ಬರ್ತಿತ್ತಲ್ಲ, ಅದಕ್ಕೆ ಭೇದಿ ಆಗಿತ್ತೋ ಇಲ್ಲವೋ ಯಾರು ನೋಡಿದ್ರು? ಇವತ್ತು ಅಪಾರ್ಟ್‌ಮೆಂಟಿನ ಮೂರನೇ ಮಹಡೀಲಿ ಅದು ಲಿಫ್ಟ್ ಬರೋದರೊಳಗೆ ಗೊತ್ತಾಗಿಬಿಡುತ್ತೆ.

[ಪರದೆ ಮೇಲೆ: ಟೋನ್ಡ್ ಹಾಲು 3% ಕೊಬ್ಬು, ಫುಲ್ ಕ್ರೀಮ್ 6% ಕೊಬ್ಬು. ಲ್ಯಾಕ್ಟೋಸ್ ಎರಡರಲ್ಲೂ ಸುಮಾರು 5%]

‘ನಾವು ಟೋನ್ಡ್ ಹಾಲೇ ಹಾಕೋದು, ತೆಳು ಇರುತ್ತೆ, ಏನೂ ಆಗಲ್ಲ’ ಅಂತಾರಲ್ಲ, ಅದು ಸರಿಯಲ್ಲ. ಟೋನ್ಡ್ ಹಾಲಲ್ಲಿ ಕಡಿಮೆ ಇರೋದು ಕೊಬ್ಬು. ಲ್ಯಾಕ್ಟೋಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಕಾಯಿಸಿದ್ರೂ ಹೋಗಲ್ಲ. ಹಾಗಂತ ಹಸಿ ಹಾಲು ಹಾಕ್ಬೇಡಿ, ಅದರಿಂದ ಬ್ರುಸೆಲ್ಲಾದಂಥ ರೋಗಾಣು ನಾಯಿಗೂ ಬರಬಹುದು, ಹಾಲು ಹಾಕಿದ ನಿಮಗೂ ಬರಬಹುದು. ಕೊಬ್ಬಿನ ತೊಂದರೆ ಬೇರೆಯೇ: ಕೆನೆ, ತುಪ್ಪ ಜಾಸ್ತಿ ತಿಂದ ನಾಯಿಗೆ ಮೇದೋಜೀರಕ ಗ್ರಂಥಿ ಊದ್ಕೊಂಡು ವಾಂತಿ, ಹೊಟ್ಟೆನೋವು ಶುರುವಾಗಬಹುದು. ಅದು ಆಸ್ಪತ್ರೆ ಸೇರಿಸೋ ಕಾಯಿಲೆ. ‘ಮೈ ಹೊಳಪಾಗ್ಲಿ’ ಅಂತ ಅನ್ನಕ್ಕೆ ಸೌಟುಗಟ್ಟಲೆ ತುಪ್ಪ ಹಾಕೋರು ದಯವಿಟ್ಟು ನಿಲ್ಲಿಸಿ.

ಎಷ್ಟು ಹಾಕಬಹುದು? 10 ಕೆ.ಜಿ. ತೂಕದ ನಮ್ಮ ನಾಡುನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಬೇಕು. ಊಟದ ಹೊರಗಿನ ತಿಂಡಿತೀರ್ಥ ಅದರಲ್ಲಿ 10% ದಾಟಬಾರದು ಅನ್ನೋದು ಪಶುವೈದ್ಯರ ರೂಢಿಯ ಲೆಕ್ಕ. ಅಂದ್ರೆ 60 ಕ್ಯಾಲರಿ, 100 ಮಿ.ಲೀ. ಟೋನ್ಡ್ ಹಾಲಿಗೇ ಮುಗೀತು. ಆಮೇಲೆ ಬಿಸ್ಕತ್ತಿಗೆ ಲೆಕ್ಕದಲ್ಲಿ ಜಾಗ ಇಲ್ಲ. ಹೊಸದಾಗಿ ಕೊಡೋರು ಅಷ್ಟಕ್ಕೂ ಹೋಗದೆ ಎರಡು ಚಮಚ ಹಾಕಿ, ಒಂದು ದಿನ ಮಲ ನೋಡಿ. ಸಡಿಲ ಆಯ್ತಾ, ಅಲ್ಲಿಗೆ ಬಿಟ್ಬಿಡಿ. ಬೆಳೆದ ನಾಯಿಗೆ ಹಾಲು ಇಲ್ಲದೆ ಯಾವ ಕೊರತೆಯೂ ಆಗಲ್ಲ.

ಮೊಸರು ಇದಕ್ಕಿಂತ ವಾಸಿ. ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸನ್ನ ಸ್ವಲ್ಪ ತಿಂದಿರುತ್ತೆ, ಹಾಗಾಗಿ ಮೊಸರು ಕಲಸಿದ ಅನ್ನ ಬಹಳ ನಾಯಿಗಳಿಗೆ ಒಗ್ಗುತ್ತೆ. ಅನ್ನದ ಬಗ್ಗೆ ಚಿಂತೆ ಬೇಡ. ಪಿಷ್ಟ ಜೀರ್ಣಿಸೋ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಹೆಚ್ಚು ಅಂತ 2013ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬಂದಿದೆ. ಸಾವಿರಾರು ವರ್ಷ ನಮ್ಮ ಜೊತೆ ಉಂಡಿದ್ದರ ಫಲ. ಆದ್ರೆ ಒಗ್ಗರಣೆ ಹಾಕಿದ ಮೊಸರನ್ನ ಬೇಡ, ಈರುಳ್ಳಿ ಹೆಚ್ಚಿ ಹಾಕಿದ್ದಂತೂ ಬೇಡವೇ ಬೇಡ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತೆ.

ಚಾಕೊಲೇಟ್ ಹಾಲು, ಕಾಫಿ, ಟೀ ಕೊಡಲೇಬೇಡಿ. ‘ಶುಗರ್ ಫ್ರೀ’ ಅಂತ ಬರೆದಿರೋ ಪಾನೀಯದ ಲೇಬಲ್‌ನಲ್ಲಿ ಕ್ಸೈಲಿಟಾಲ್ ಅಥವಾ 967 ಅನ್ನೋ ಸಂಖ್ಯೆ ಇದ್ರೆ ಅದು ನಾಯಿಗೆ ನಿಜವಾಗಲೂ ವಿಷ.

ಇನ್ನು ಕೆಲವು ನಾಯಿಗೆ ಭೇದಿ ಇರಲ್ಲ, ಆದ್ರೆ ವರ್ಷಪೂರ್ತಿ ಪಾದ ನೆಕ್ಕುತ್ತೆ, ಕಿವಿ ಕೆರೀತಾ ಇರುತ್ತೆ. ಇದು ಹಾಲಿನ ಪ್ರೋಟೀನಿನ ಅಲರ್ಜಿ ಇರಬಹುದು. ಆಹಾರದ ಅಲರ್ಜಿ ಇರೋ ನಾಯಿಗಳ ಬಗ್ಗೆ 2016ರಲ್ಲಿ ಬಂದ ಸಮೀಕ್ಷೆಯಲ್ಲಿ ದನದ ಮಾಂಸ ಮೊದಲನೇ ಕಾರಣ, ಹಾಲಿನ ಪದಾರ್ಥ ಎರಡನೇದು, ಸುಮಾರು 17%. ಇಂಥ ನಾಯಿಗೆ ಲ್ಯಾಕ್ಟೋಸ್ ಇಲ್ಲದ ಹಾಲು ತಂದ್ರೂ ಪ್ರಯೋಜನ ಇಲ್ಲ.

[ದೃಶ್ಯ: ರಟ್ಟಿನ ಪೆಟ್ಟಿಗೆಯಲ್ಲಿ ಕಣ್ಣು ಬಿಡದ ಮೂರು ಮರಿ]

ಈಗ ಮರಿಗಳು. ತಾಯಿ ಗಾಡಿಗೆ ಸಿಕ್ಕಿ ಸತ್ತಿರುತ್ತೆ, ಮರಿ ಚರಂಡಿ ಪಕ್ಕ ಕುಂಯ್‌ಗುಡ್ತಿರುತ್ತವೆ. ನಾವು ಹಸುವಿನ ಹಾಲು ತಂದು, ‘ಪಾಪ, ಚಿಕ್ಕದು, ಗಟ್ಟಿ ಹಾಲು ಅರಗಲ್ಲ’ ಅಂತ ಅದಕ್ಕೆ ನೀರು ಬೆರೆಸ್ತೀವಿ. ನೀರು ಬೆರೆಸೋದೇ ದೊಡ್ಡ ತಪ್ಪು.

[ಪರದೆ ಮೇಲೆ: ಹಸುವಿನ ಹಾಲು – ಕೊಬ್ಬು 4%, ಪ್ರೋಟೀನ್ 3%, ಲ್ಯಾಕ್ಟೋಸ್ 5%. ನಾಯಿ ಹಾಲು – ಕೊಬ್ಬು 9%, ಪ್ರೋಟೀನ್ 7ರಿಂದ 8%, ಲ್ಯಾಕ್ಟೋಸ್ 3%. ಎಲ್ಲ ಅಂದಾಜು.]

ನಾಯಿ ಹಾಲು ಹಸುವಿನ ಹಾಲಿಗಿಂತ ಎರಡು ಪಟ್ಟು ಗಟ್ಟಿ. ನೀವು ನೀರು ಬೆರೆಸಿದಷ್ಟೂ ಮರಿ ಹೊಟ್ಟೆ ತುಂಬಿಸ್ಕೊಂಡೇ ಉಪವಾಸ ಬೀಳುತ್ತೆ. ಜೊತೆಗೆ ಲ್ಯಾಕ್ಟೋಸ್ ಜಾಸ್ತಿಯಾಗಿ ಭೇದಿ. ಅಂಗೈಯಗಲದ ಮರಿಯ ಮೈಯಲ್ಲಿ ನೀರು ಆರಿದ್ರೆ ಒಂದೇ ದಿನದಲ್ಲಿ ಕೈ ಬಿಟ್ಟುಹೋಗುತ್ತೆ. ಪೆಟ್ ಅಂಗಡಿಯಲ್ಲಿ ಮರಿಗಳಿಗೇ ಅಂತ ಹಾಲಿನ ಪುಡಿ ಸಿಗುತ್ತೆ, ಅದನ್ನೇ ತನ್ನಿ. ಡಬ್ಬಿ ಮೇಲಿನ ಅಳತೆಗೆ ಸರಿಯಾಗಿ ಕಲಸಿ.

ಹಾಲಿಗಿಂತ ಮುಂಚೆ ಶಾಖ ಬೇಕು. ಮರಿ ತಣ್ಣಗಿದ್ರೆ ಕರುಳು ಕೆಲಸ ಮಾಡಲ್ಲ, ಕುಡಿಸಿದ ಹಾಲು ಅಲ್ಲೇ ಕೊಳೆಯುತ್ತೆ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಪಕ್ಕದಲ್ಲಿಡಿ. ಮೈ ಬೆಚ್ಚಗಾದ ಮೇಲೆ ಕುಡಿಸಿ. ಕುಡಿಸುವಾಗ ಮನುಷ್ಯರ ಮಗು ಥರ ಅಂಗಾತ ಮಲಗಿಸ್ಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತೆ. ಹೊಟ್ಟೆ ಮೇಲೆ ಮಲಗಿಸಿ, ತಲೆ ಸ್ವಲ್ಪ ಮೇಲೆ. ಮೊದಲ ವಾರಗಳಲ್ಲಿ ಎರಡು ಮೂರು ಗಂಟೆಗೊಮ್ಮೆ, ರಾತ್ರೀನೂ. ಕುಡಿಸಿದ ಮೇಲೆ ಒದ್ದೆ ಹತ್ತಿಯಲ್ಲಿ ಕೆಳಗೆ ಮೆತ್ತಗೆ ಒರೆಸಿದ್ರೇನೇ ಅವು ಉಚ್ಚೆ ಹೊಯ್ಯೋದು, ತಾಯಿ ನೆಕ್ಕಿ ಮಾಡಿಸ್ತಿದ್ದ ಕೆಲಸ ಅದು. ಮೂರು ನಾಲ್ಕು ವಾರಕ್ಕೆ ಮೆತ್ತಗಿನ ಆಹಾರ ನೆಕ್ಕಿಸೋಕೆ ಶುರು ಮಾಡಿ. ಬರೀ ಹಾಲಲ್ಲೇ ತಿಂಗಳುಗಟ್ಟಲೆ ಇಟ್ರೆ ಕಬ್ಬಿಣ ಸಾಲದೆ ರಕ್ತಹೀನತೆ ಬರುತ್ತೆ.

[ನಿರೂಪಕಿ ಕ್ಯಾಮೆರಾಗೆ ಹತ್ತಿರ]

ಇದಕ್ಕಿಂತ ಹೆಚ್ಚು ಮರಿಗಳನ್ನ ಕಳ್ಕೊಳ್ಳೋದು ಇನ್ನೊಂದು ಕಡೆ. ಎರಡು ಮೂರು ತಿಂಗಳ ಮರಿ ಇದ್ದಕ್ಕಿದ್ದಂತೆ ಊಟ ಬಿಡುತ್ತೆ. ವಾಂತಿ, ಮಂಕು. ನಾವು ‘ಅನ್ನ ಸೇರ್ತಿಲ್ಲ, ಹಾಲಾದ್ರೂ ಕುಡೀಲಿ’ ಅಂತ ಬಾಯಿಗೆ ಹುಯ್ಯುತ್ತೀವಿ. ಭೇದಿ ಆದ್ರೆ ‘ಹಾಲು ಒಗ್ಗಲಿಲ್ಲ’ ಅಂತ ಸಮಾಧಾನ ಮಾಡ್ಕೊಂಡು ಎರಡು ದಿನ ಕಾಯ್ತೀವಿ. ಅದು ಪಾರ್ವೋ ಅನ್ನೋ ವೈರಸ್ ಕಾಯಿಲೆ ಆಗಿದ್ರೆ ಆ ಎರಡು ದಿನಾನೇ ಅದರ ಆಯಸ್ಸು.

ವ್ಯತ್ಯಾಸ ನೋಡಿ. ಹಾಲಿನಿಂದ ಕೆಟ್ಟ ಹೊಟ್ಟೆಯ ಮರಿ ಆಡ್ತಾ ಇರುತ್ತೆ, ಊಟ ಕೇಳುತ್ತೆ. ಹಾಲು ನಿಲ್ಲಿಸಿದ್ರೆ ಒಂದೆರಡು ದಿನದಲ್ಲಿ ಸರಿ ಹೋಗುತ್ತೆ. ಪಾರ್ವೋ ಮರಿ ಮೂಲೆ ಸೇರುತ್ತೆ, ಮತ್ತೆ ಮತ್ತೆ ವಾಂತಿ ಮಾಡುತ್ತೆ, ಭೇದಿಯಲ್ಲಿ ರಕ್ತ, ತಡೆಯೋಕಾಗದ ನಾತ. ಶುರುವಲ್ಲಿ ರಕ್ತ ಕಾಣದೇ ಇರಬಹುದು, ಅದಕ್ಕೆ ರಕ್ತಕ್ಕಾಗಿ ಕಾಯ್ಬೇಡಿ. ಲಸಿಕೆ ಆಗದ ಮರಿ ವಾಂತಿ ಮಾಡಿ ಮಂಕಾಗಿದೆ ಅಂದ್ರೆ ಅವತ್ತೇ ಪಶುವೈದ್ಯರ ಹತ್ರ ಕರ್ಕೊಂಡು ಹೋಗಿ. ಬಾಯಿಗೆ ಹಾಲೂ ಬೇಡ, ಮನೆಮದ್ದೂ ಬೇಡ, ಅದಕ್ಕೆ ಬೇಕಾಗಿರೋದು ಡ್ರಿಪ್.

ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು. ಆಮೇಲೆ ಡಾಕ್ಟರ್ ಹೇಳಿದ ಹಾಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬೋವರೆಗೂ. ಮನೇಲಿ ಒಂದು ಮರಿ ಪಾರ್ವೋಗೆ ಹೋಗಿದ್ರೆ ಆ ವೈರಸ್ ತಿಂಗಳುಗಟ್ಟಲೆ ನೆಲದಲ್ಲೇ ಉಳಿಯುತ್ತೆ, ಫಿನಾಯಿಲ್‌ಗೆ ಸಾಯುತ್ತೆ ಅಂತ ನಂಬ್ಕೊಂಡು ಕೂರ್ಬೇಡಿ. ಬ್ಲೀಚ್ ಬೆರೆಸಿದ ನೀರಲ್ಲಿ ನೆಲ, ತಟ್ಟೆ, ಬೆಲ್ಟು ಎಲ್ಲ ತೊಳೀರಿ, ಹಾಸಿಗೆ ಎಸೆದುಬಿಡಿ. ಹೊಸ ಮರಿ ತರೋದಿದ್ರೆ ಅದರ ಲಸಿಕೆಗಳು ಪೂರ್ತಿ ಮುಗಿದ ಮೇಲೇ ತನ್ನಿ.