ಮೂರಡಿ ದೂರದ ಸೈನ್ಯ

ಕೇಳುಗರಿಗೆ ನಮಸ್ಕಾರ.

ಮೈಸೂರಿನಲ್ಲಿ ಬೊಂಬೆ ಕೂರಿಸುವವರಿಗೆ ಇದು ಹೊಸದಲ್ಲ. ಪಟ್ಟದ ಬೊಂಬೆಗೆ ಸೀರೆ ಉಡಿಸಿ, ಮೂಗುಬೊಟ್ಟಿನವರೆಗೂ ಸಿಂಗಾರ ಮಾಡುತ್ತೇವೆ. ಕೆಳಗಿನ ಮೆಟ್ಟಿಲಲ್ಲಿ ನಿಂತ ಸಿಪಾಯಿಗಳ ಮುಖವನ್ನು ಮಾತ್ರ ಯಾರೂ ಒಂದೊಂದಾಗಿ ನೋಡುವುದಿಲ್ಲ. ಕಣ್ಣಿಗೆ ಬೀಳುವುದು ಪೇಟಗಳ ಸಾಲು. ಇವತ್ತಿನ ಮಾತು ಆ ಸಾಲಿನ ಕೆಲಸದ್ದು. ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆ, ರಾಕ್ಷಸರು, ಕುಬ್ಜರು, ಡ್ರ್ಯಾಗನ್‌ಗಳಿರುವ ಕಾಲ್ಪನಿಕ ಸೈನ್ಯವೊಂದನ್ನು 10 ಮಿಲಿಮೀಟರ್ ಅಳತೆಯಲ್ಲಿ ಕಟ್ಟಿ ಬಣ್ಣ ಹಚ್ಚುವುದು ಹೇಗೆ ಎಂಬುದು.

ಈ ಆಟಗಳಲ್ಲಿ ಹೆಚ್ಚಾಗಿ ಕಾಣುವ ಬೊಂಬೆ 28 ಮಿಲಿಮೀಟರಿನದು. 10 ಮಿಲಿಮೀಟರ್ ಎಂದರೆ ಎರಡು ಸೋನಾ ಮಸೂರಿ ಅಕ್ಕಿಕಾಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 2000ದಲ್ಲಿ ವಾರ್‌ಮಾಸ್ಟರ್ ಎಂಬ ಆಟವನ್ನು ಈ ಅಳತೆಯಲ್ಲೇ ತಂದಿತು. ಬೊಂಬೆಗಳನ್ನು ಸಾಲಾಗಿ ಅಂಟಿಸುವ ಅದರ ಪೀಠ 40 ಮಿಲಿಮೀಟರ್ ಉದ್ದ, 20 ಅಗಲ. ಕಾಲಾಳುಗಳು ಉದ್ದದ ಅಂಚಿಗೆ ಮುಖ ಮಾಡಿ ನಿಲ್ಲುತ್ತಾರೆ, ಕುದುರೆ ಸವಾರರು ಗಿಡ್ಡ ಅಂಚಿಗೆ. ಮೂರು ಪೀಠ ಸೇರಿದರೆ ಒಂದು ತುಕಡಿ. ನೀವು ಬೇರೆ ಯಾವ ಆಟ ಆಡಿದರೂ ಶುರುವಿಗೆ ಈ ಲೆಕ್ಕ ಸಾಕು.

ಮೊದಲ ಸೈನ್ಯಕ್ಕೆ ನಾಲ್ಕು ಕಾಲಾಳು ತುಕಡಿ, ಎರಡು ಕುದುರೆ ತುಕಡಿ, ಒಬ್ಬ ಸೇನಾಪತಿ, ಒಬ್ಬ ಮಂತ್ರವಾದಿ, ಒಂದು ಡ್ರ್ಯಾಗನ್ ಇಟ್ಟುಕೊಳ್ಳಿ. ಕಾಲಾಳುಗಳು ಐದೈದು ಜನ ಒಂದೇ ಪಟ್ಟಿಯಾಗಿ ಬರುತ್ತಾರೆ. ಪೀಠಕ್ಕೆ ಎರಡು ಪಟ್ಟಿಯಂತೆ 12 ಪೀಠಕ್ಕೆ 24 ಪಟ್ಟಿ, ಅಂದರೆ 120 ಜನ. ಕುದುರೆ ಪೀಠಕ್ಕೆ ಮೂವರಂತೆ 18 ಸವಾರರು. ಇದಕ್ಕಿಂತ ದೊಡ್ಡ ಆಸೆ ಬೇಡ. ಅರ್ಧಕ್ಕೆ ನಿಂತ ಸೈನ್ಯಗಳಿಗೆ ಕಾರಣ ಕೈ ಸಾಲದೆ ಹೋದದ್ದಲ್ಲ, ಮೊದಲೇ 400 ಬೊಂಬೆ ತಂದು ಪೇರಿಸಿಕೊಂಡದ್ದು. ಬಿಳಿ ನಿಲುವಂಗಿಯ ಎಲ್ಫ್‌ಗಳನ್ನೂ, ಅಂದರೆ ಚೂಪುಕಿವಿಯ ಕಿನ್ನರರನ್ನೂ, ಮೊದಲಿಗೇ ಹಿಡಿಯಬೇಡಿ. ಬಿಳಿ ಮತ್ತು ಹಳದಿ ಒಂದೇ ಕೈಯಲ್ಲಿ ಮುಚ್ಚುವುದಿಲ್ಲ, ಮೂರು ಸಲ ಬಳಿಯಬೇಕು. ಓರ್ಕ್ ಎಂಬ ಹಸಿರು ಚರ್ಮದ ರಾಕ್ಷಸರ ಬೊಂಬೆಗಳು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತವೆ.

ಲೋಹದ ಪಟ್ಟಿಯಾದರೆ ಅಂಚಿನ ಚೂರುಪಾರುಗಳನ್ನು ಅರದಿಂದ ಉಜ್ಜಿ, ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಉಗುರಿಗೇ ಎದ್ದುಬರುತ್ತದೆ. ದ್ರವ ರೆಸಿನ್ನನ್ನು ಗಟ್ಟಿ ಮಾಡಿ ಬೊಂಬೆ ತೆಗೆಯುವ 3ಡಿ ಪ್ರಿಂಟರಿನಲ್ಲಿ ಮಾಡಿಕೊಳ್ಳುವವರು ಧನುರ್ಮಾಸದ ಚಳಿಯನ್ನು ಗಮನಿಸಿ. ಬೆಳಗಿನ ಹೊತ್ತು ಕೋಣೆ 20 ಡಿಗ್ರಿಗಿಂತ ಕೆಳಗಿಳಿದರೆ ರೆಸಿನ್ ಮಂದವಾಗಿ ಈಟಿಗಳು ಅರ್ಧಕ್ಕೇ ನಿಲ್ಲುತ್ತವೆ. ಬಾಟಲಿಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಇಟ್ಟು ಬಳಸಿ. ಹಸಿ ರೆಸಿನ್ ಮುಟ್ಟುವಾಗ ಕೈಗವಸು ಇರಲೇಬೇಕು. ತೊಳೆದ ದ್ರವ ಬಚ್ಚಲಿಗೆ ಹೋಗಕೂಡದು.

ಪಟ್ಟಿಗಳನ್ನು ಈಗಲೇ ಪೀಠಕ್ಕೆ ಅಂಟಿಸಬೇಡಿ. ಅಂಟಿಸಿದರೆ ಹಿಂದಿನ ಸಾಲಿನ ಎದೆಗೆ ಕುಂಚ ಹೋಗುವುದಿಲ್ಲ. ಐಸ್‌ಕ್ರೀಂ ಕಡ್ಡಿಯ ಮೇಲೆ ಫೆವಿಕಾಲ್ ಒಂದೊಂದು ಹನಿ ಇಟ್ಟು, ಕಡ್ಡಿಗೆ ಎರಡು ಪಟ್ಟಿಯಂತೆ ಬೆರಳು ತೂರುವಷ್ಟು ಅಂತರ ಬಿಟ್ಟು ನಿಲ್ಲಿಸಿ. ಕೆಲಸ ಮುಗಿದ ಮೇಲೆ ಬ್ಲೇಡಿನಿಂದ ಸುಲಭವಾಗಿ ಬಿಡಿಸಬಹುದು. ಒಂದು ಸಲಕ್ಕೆ ಆರು ಕಡ್ಡಿ ಸಾಕು. ಆರನೆಯದಕ್ಕೆ ಬಣ್ಣ ಮುಗಿಸುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ.

ಮುಂದೆ ಪ್ರೈಮರ್, ಅಂದರೆ ಮೇಲಿನ ಬಣ್ಣ ಹಿಡಿದು ನಿಲ್ಲಲು ಹಚ್ಚುವ ಮೊದಲ ಲೇಪ. ಹೆಚ್ಚು ಜನ ಕೆಡಿಸಿಕೊಳ್ಳುವುದು ಇಲ್ಲಿಯೇ. ಆಷಾಢದಲ್ಲಿ ತಾರಸಿಗೆ ಹೋಗಿ ಸ್ಪ್ರೇ ಮಾಡಿದರೆ ಅರ್ಧ ಬಣ್ಣ ಗಾಳಿಯ ಪಾಲು. ಉಳಿದದ್ದು ತೇವಕ್ಕೆ ಸಿಕ್ಕಿ ಮಬ್ಬಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಮಾಡಿದರೆ ಹನಿಗಳು ಬೊಂಬೆ ತಲುಪುವ ಮೊದಲೇ ಒಣಗಿ, ಮೈಯೆಲ್ಲ ಚಿರೋಟಿ ರವೆ ಉದುರಿಸಿದ ಹಾಗೆ ಕೂರುತ್ತವೆ. 28 ಮಿಲಿಮೀಟರಿನಲ್ಲಿ ಆ ತರಿಯನ್ನು ಹೇಗೋ ಮರೆಸಬಹುದು. ಇಲ್ಲಿ ಒಂದು ಕಣವೇ ಮೂಗಿನಷ್ಟು ದೊಡ್ಡದು. ಮಳೆಯಿಲ್ಲದ ದಿನ, ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ, ನೆರಳಿನಲ್ಲಿ, ಒಂದು ಗೇಣು ದೂರದಿಂದ, ನಿಲ್ಲಿಸಿ ನಿಲ್ಲಿಸಿ ಸಿಂಪಡಿಸಿ. ಹವೆ ಒಗ್ಗದಿದ್ದರೆ ಕುಂಚದಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್ ತಂದುಕೊಳ್ಳಿ. ತಡವಾದೀತು, ಕೆಡುವುದಿಲ್ಲ.

ಪ್ರೈಮರ್ ಕಪ್ಪೇ ಇರಲಿ. ಅದು ಒಣಗಿದ ಮೇಲೆ ಹಳೆಯ ಮೇಕಪ್ ಬ್ರಷ್ಷಿಗೆ ಬೂದು ಬಣ್ಣ ತಾಗಿಸಿ, ಬಟ್ಟೆಗೆ ಒರೆಸಿ ಒರೆಸಿ ಹೆಚ್ಚುಕಡಿಮೆ ಒಣಗಿಸಿ, ಮೇಲಿನಿಂದ ಕೆಳಕ್ಕೆ ಸವರಿ. ಆಮೇಲೆ ಬಿಳಿಯನ್ನು ತಲೆ, ಭುಜ, ಗುರಾಣಿಯ ಅಂಚಿಗೆ ಮಾತ್ರ. ನೆರಳು ಬೆಳಕು ಇಷ್ಟರಲ್ಲೇ ಕೂತುಬಿಡುತ್ತದೆ. ಅದರ ಮೇಲೆ ತೆಳು, ಪಾರದರ್ಶಕ ಬಣ್ಣ: ಚರ್ಮಕ್ಕೆ ಹಸಿರು, ಚಕ್ಕಳಕ್ಕೆ ಕಂದು, ಬಟ್ಟೆಗೆ ಒಂದೇ ಒಂದು ಬಣ್ಣ. ಮೇಜಿನಾಚೆ ಮೂರಡಿ ದೂರ ನಿಂತಾಗ ತುಕಡಿಯ ಗುರುತು ಸಿಗುವುದು ಆ ಒಂದು ಬಣ್ಣದಿಂದ. ನಿಮಗೆ ಸರಿ ಎನಿಸಿದ್ದಕ್ಕಿಂತ ಒಂದು ಪಾಲು ಢಾಳಾಗಿಯೇ ಆರಿಸಿ. ಈ ಅಳತೆಯಲ್ಲಿ ಬಣ್ಣ ತನ್ನಷ್ಟಕ್ಕೆ ಮಂಕಾಗಿ ಕಾಣುತ್ತದೆ. ಕಣ್ಣು ಬರೆಯುವ ಗೋಜಿಗೆ ಹೋಗಬೇಡಿ. ಮೂಗಿಗೂ ಹುಬ್ಬಿಗೂ ಸೇರಿ ತಿಳಿ ಹಸಿರಿನ ಒಂದು ಚುಕ್ಕಿ, ಮುಖ ಬಂತು.

ಸಣ್ಣ ಬೊಂಬೆಗೆ ಸಣ್ಣ ಬ್ರಷ್ ಎಂದು ಸೊನ್ನೆ ಸೊನ್ನೆ ನಂಬರಿನದು ಕೊಳ್ಳುವುದು ದಂಡ. ಅದರ ತುದಿಯಲ್ಲಿ ಬಣ್ಣ ಬೊಂಬೆ ಮುಟ್ಟುವುದರೊಳಗೆ ಒಣಗುತ್ತದೆ. ಒಳ್ಳೆಯ ಮೊನೆಯಿರುವ 1ನೇ ನಂಬರ್ ಸಾಕು. ಕರಕುಶಲ ಕೆಲಸದ ಅಗ್ಗದ ಅಕ್ರಿಲಿಕ್ ದಪ್ಪಗಿರುತ್ತದೆ, ಪೀಠದ ಮಣ್ಣಿಗೆ ಬಳಸಿ, ಬೊಂಬೆಯ ಮೈಗೆ ಬೇಡ. ಬೆಳ್ಳಿ, ಹಿತ್ತಾಳೆ ಬಣ್ಣಗಳಿಗೆ ಬೇರೆ ಬ್ರಷ್, ಬೇರೆ ನೀರು. ಇಲ್ಲದಿದ್ದರೆ ಓರ್ಕ್‌ಗಳ ಕೆನ್ನೆಯೆಲ್ಲ ಮಿರಿಮಿರಿ ಮಿಂಚುತ್ತದೆ. ಸಂದುಗಳಿಗೆ ಹರಿಸುವ ಕಪ್ಪುಕಂದು ವಾಶನ್ನು ಬರೀ ನೀರಿನಲ್ಲಿ ಕಲಸಿದರೆ, ಕಾಫಿ ಲೋಟ ಇಟ್ಟ ಜಾಗದಂತೆ ಉಂಗುರದ ಕಲೆ ಬೀಳುತ್ತದೆ. ಒಂದು ಪಾಲು ಬಣ್ಣಕ್ಕೆ ಮೂರು ಪಾಲು ನೀರು, ಮೂರು ಪಾಲು ಮ್ಯಾಟ್ ಮೀಡಿಯಂ, ಅಂದರೆ ಬಣ್ಣವಿಲ್ಲದ, ಹೊಳಪಿಲ್ಲದ ಅಕ್ರಿಲಿಕ್ ದ್ರವ, ಬೆರೆಸಿ.

ಉಳಿದ ಕೈಚಳಕವನ್ನೆಲ್ಲ ಬಾವುಟಕ್ಕೆ ಎತ್ತಿಡಿ. ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಆದ್ದರಿಂದ ಅದು ಆಳಿನಷ್ಟೇ ಎತ್ತರವಿದ್ದರೂ ಅತಿಯಾಗದು. ತೆಳು ಕಾಗದದ ಚೂರನ್ನು ಕಂಬಕ್ಕೆ ಮಡಚಿ ಅಂಟಿಸಿ, ಅಂಟು ಹಸಿಯಿರುವಾಗಲೇ ಬೆರಳಿನಲ್ಲಿ ಅಲೆ ಮೂಡಿಸಿ. ಅದರ ಮೇಲೆ ಗಂಡಭೇರುಂಡ ಬೇಕೆನ್ನುವವರು ರೆಕ್ಕೆಯ ಗರಿ ಎಣಿಸಲು ಕೂರಬೇಡಿ. ನಡುವೆ ಒಂದು ಬೊಟ್ಟು, ಅದರಿಂದ ಕವಲೊಡೆದ ಎರಡು ಕತ್ತು, ಆಚೆ ಈಚೆ ಬಾಗಿದ ಕೊಕ್ಕು, ಎರಡು ಬೀಸಿನಲ್ಲಿ ರೆಕ್ಕೆ. 8 ಮಿಲಿಮೀಟರಿನಲ್ಲಿ ಇಷ್ಟಕ್ಕೇ ಹಕ್ಕಿಯ ಗುರುತು ಸಿಗುತ್ತದೆ. ಒಂದು ಗೆರೆ ಹೆಚ್ಚಾಯಿತೋ, ಜೇಡ.

ಈಗ ಪೀಠ. ಪಟ್ಟಿಯನ್ನು ಮುಂದಿನ ಅಂಚಿನಿಂದ ಈಟಿಯಷ್ಟು ಹಿಂದಕ್ಕೆ ಸರಿಸಿ ಅಂಟಿಸಿ. ಈಟಿ ಹೊರಚಾಚಿದರೆ ಆಟದಲ್ಲಿ ಎದುರಾಳಿಯ ಪೀಠಕ್ಕೆ ಪೀಠ ತಾಗುವುದಿಲ್ಲ, ಮೊದಲ ಸುತ್ತಿನಲ್ಲೇ ಈಟಿಗಳು ಮುರಿಯುತ್ತವೆ. ಮಳೆಗಾಲದಲ್ಲಿ ಫೆವಿಕ್ವಿಕ್‌ನಂಥ ಅಂಟು ಸುತ್ತ ಬಿಳಿ ಬೂಸ್ಟಿನಂತೆ ಹರಡುತ್ತದೆ, ಆದ್ದರಿಂದ ಇಲ್ಲಿಯೂ ಫೆವಿಕಾಲೇ ವಾಸಿ. ಮರಳನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದ ಪುಡಿಯನ್ನೇ ಬಳಸಿ. ಮೇಲುಳಿದ ಕಾಳು ಈ ಸಿಪಾಯಿಗಳಿಗೆ ಗುಂಡುಕಲ್ಲು. ಅಂಗಡಿಯ 2 ಮಿಲಿಮೀಟರ್ ಹುಲ್ಲು ಮೊಣಕಾಲು ದಾಟುತ್ತದೆ, ಹಸಿರು ಬಣ್ಣ ಕಲಸಿದ ನುಣ್ಣನೆಯ ಮರದ ಹೊಟ್ಟು ಉದುರಿಸಿದರೆ ಸಾಕು. ಎಲ್ಲ ಪೀಠಗಳ ಅಂಚಿಗೂ ಒಂದೇ ಬಣ್ಣ ಹೊಡೆಯಿರಿ.

ಕೊನೆಗೆ ಬಣ್ಣ ಕಾಯುವ, ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಸ್ಪ್ರೇ. ಇದಕ್ಕೂ ಪ್ರೈಮರಿನ ಹವೆಯೇ ಬೇಕು. ತೇವದಲ್ಲಿ ಹೊಡೆದು ಮೇಲೆ ಮಂಜು ಕವಿದರೆ ಬಣ್ಣ ಕೆರೆಯಲು ಹೋಗಬೇಡಿ. ಕುಂಚದಿಂದ ಒಂದು ಕೈ ಹೊಳಪಿನ ವಾರ್ನಿಶ್ ಹಚ್ಚಿದರೆ ಎಷ್ಟೋ ಸಲ ತಿಳಿಯಾಗುತ್ತದೆ. ಬಿಸಿಲಿನ ದಿನ ನೋಡಿ ಮತ್ತೆ ಮ್ಯಾಟ್ ಹೊಡೆಯಬಹುದು. ಸಾಗಿಸಲು ಪೀಠದಡಿ ಅಯಸ್ಕಾಂತದ ಹಾಳೆ, ಡಬ್ಬಿಯ ತಳಕ್ಕೆ ತಗಡು. ಕಾಲಾಳುಗಳಿಗೆ ಅಷ್ಟು ಸಾಕು. ಲೋಹದ ಡ್ರ್ಯಾಗನ್ನಿನ ಭಾರವನ್ನು ಆ ಹಾಳೆ ತಡೆಯುವುದಿಲ್ಲ, ಅದರ ಪೀಠದಡಿ ಗುಳಿ ಕೊರೆದು ನಿಯೋಡಿಮಿಯಂ ಎಂಬ ಎರಡು ಬಲವಾದ ಪುಟ್ಟ ಅಯಸ್ಕಾಂತ ಕೂರಿಸಿ.

ನಮಸ್ಕಾರ.