ಒಂದೇ ಗುಡ್ಡಸಾಲು, ಮೂರು ಕೆಂಪು ದ್ರಾಕ್ಷಿ

ನಮಸ್ಕಾರ ಸ್ನೇಹಿತರೇ. ಸ್ಕ್ರೀನ್ ಮೇಲೆ ಮೂರು ಗ್ಲಾಸ್ ವೈನ್ ಕಾಣ್ತಿವೆ ನೋಡಿ. ಎಡಗಡೆ ಕಡು ನೇರಳೆ, ನಡುವೆ ಗಾಢ ಕೆಂಪು, ಬಲಗಡೆಯದು ಎಷ್ಟು ತಿಳಿ ಅಂದ್ರೆ ಹಿಂದಿಟ್ಟ ಅಕ್ಷರ ಕಾಣುತ್ತೆ. ಇವುಗಳಲ್ಲಿ ಬಾಯಿಗೆ ಅತ್ಯಂತ ಗಡಸು ಯಾವುದು? ಬಣ್ಣ ನೋಡಿದ್ರೆ ಎಡಗಡೆಯದು ಅನ್ಸುತ್ತೆ. ಆದ್ರೆ ಗಡಸು ಇರೋದು ಬಲಗಡೆಯ ಆ ತಿಳಿ ಗ್ಲಾಸಲ್ಲಿ.

ಮೂರೂ ಇಟಲಿಯ ವಾಯವ್ಯದಲ್ಲಿರೋ ಪೀಡ್‌ಮಾಂಟಿನವು. ಎಡದಿಂದ ಬಲಕ್ಕೆ ದೊಲ್ಚೆತ್ತೊ, ಬಾರ್ಬೆರಾ, ನೆಬ್ಬಿಯೋಲೊ. ಇವು ದ್ರಾಕ್ಷಿ ತಳಿಗಳ ಹೆಸರು. ಆಲ್ಬಾ ಪಟ್ಟಣದ ಸುತ್ತಲಿನ ಲಾಂಗೆ ಗುಡ್ಡಗಳಲ್ಲಿ ಎಷ್ಟೋ ರೈತರು ಈ ಮೂರನ್ನೂ ಬೆಳೀತಾರೆ. ಯಾವುದನ್ನ ಎಲ್ಲಿ ನೆಡೋದು ಅನ್ನೋದು ಬಿಸಿಲಿನ ಲೆಕ್ಕ. ದಕ್ಷಿಣಕ್ಕೆ ಮುಖ ಮಾಡಿದ, ಚಳಿಗಾಲದಲ್ಲಿ ಹಿಮ ಮೊದಲು ಕರಗೋ ಇಳಿಜಾರು ನೆಬ್ಬಿಯೋಲೊಗೆ. ಎತ್ತರದ, ತಂಪಾದ ಜಾಗ ದೊಲ್ಚೆತ್ತೊಗೆ. ಬಾರ್ಬೆರಾ ಹೊಂದಿಕೊಂಡು ಹೋಗೋ ಬಳ್ಳಿ, ಉಳಿದ ಕಡೆಯೆಲ್ಲ ಅದೇ.

ನೆಬ್ಬಿಯೋಲೊಗೆ ಇಷ್ಟು ಉಪಚಾರ ಯಾಕೆ? ಎಲ್ಲಕ್ಕಿಂತ ಮೊದಲು ಚಿಗುರುತ್ತೆ, ಎಲ್ಲಕ್ಕಿಂತ ಕೊನೆಗೆ ಮಾಗುತ್ತೆ. ದೊಲ್ಚೆತ್ತೊ ಕೊಯ್ದು ವಾರಗಳೇ ಕಳೆದಿರುತ್ತೆ, ಇದು ಅಕ್ಟೋಬರಿನ ಮಂಜಲ್ಲಿ ಇನ್ನೂ ಬಳ್ಳಿಯಲ್ಲೇ ಇರುತ್ತೆ. ಸಿಪ್ಪೆಯಲ್ಲಿ ಬಣ್ಣ ಕಡಿಮೆ, ಇರೋ ಬಣ್ಣವೂ ಬೇಗ ಮಾಸೋ ಜಾತಿಯದು. ಆದ್ರೆ ಟ್ಯಾನಿನ್, ಅಂದ್ರೆ ಒಗರು, ಧಾರಾಳ. ಹೆಚ್ಚು ಹೊತ್ತು ಕುದಿಸಿದ ಚಹಾ ಕುಡಿದಾಗ ವಸಡು ಒಣಗಿ ಹಿಡ್ಕೊಳ್ಳುತ್ತಲ್ಲ, ಹಾಗೆ. ಮೇಲೆ ಹುಳಿಯೂ ಜೋರು.

ಅದಕ್ಕೇ ಇದಕ್ಕೆ ಕಾಲ ಬೇಕು. ನೆಬ್ಬಿಯೋಲೊ ವೈನಿಗೆ ಬರೋಲೊ ಅನ್ನೋ ಹೆಸರು ಹಾಕಬೇಕಾದ್ರೆ ಕನಿಷ್ಠ 38 ತಿಂಗಳು ಹಳೆಯದಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಬಾರ್ಬರೆಸ್ಕೊಗೆ 26 ತಿಂಗಳು ಸಾಕು. ಎರಡೂ ಬರೀ ನೆಬ್ಬಿಯೋಲೊದಿಂದಲೇ ಮಾಡೋ ವೈನ್‌ಗಳು. ಒಂದೇ ಬರೋಲೊ ಪ್ರದೇಶದ ಒಳಗೂ ಮಣ್ಣು ಬದಲಾದ್ರೆ ರುಚಿ ಬದಲಾಗುತ್ತೆ. ಲಾ ಮೊರ್ರಾ ಊರಿನ ಕಡೆಯದು ಮೃದು, ಬೇಗ ಬಿಚ್ಕೊಳ್ಳುತ್ತೆ. ಸೆರ್ರಲುಂಗ ಊರಿನದು ಬಿಗಿ, ವರ್ಷಗಟ್ಟಲೆ ಕಾಯಿಸುತ್ತೆ. ಒಳ್ಳೆ ಬರೋಲೊ ಗ್ಲಾಸಿಗೆ ಮೂಗಿಟ್ರೆ ಗುಲಾಬಿ, ಟಾರು, ಒಣ ಚೆರ್ರಿ. ಈ ಪರಿಮಳಕ್ಕೆ ನಾನು ಸೋತಿದ್ದೀನಿ. ಕೆಂಪು ವೈನ್‌ಗಳಲ್ಲಿ ಇದಕ್ಕೆ ಸಾಟಿಯಾದದ್ದು ನನಗೆ ಇನ್ನೂ ಸಿಕ್ಕಿಲ್ಲ.

ಬಾರ್ಬೆರಾ ಇದಕ್ಕೆ ತಿರುಗುಮುರುಗು. ಬಣ್ಣ ಗಾಢ, ಒಗರು ಬಹಳ ಕಡಿಮೆ, ಹುಳಿ ಮಾತ್ರ ಇದರಲ್ಲೂ ಚುರುಕು. ಬಹಳ ಕಾಲ ಇದನ್ನ ಬರೀ ದಿನಬಳಕೆಯ ವೈನ್ ಅಂತಲೇ ನೋಡ್ತಿದ್ರು. 1986ರಲ್ಲಿ ಮೆಥನಾಲ್ ಬೆರೆಸಿದ ಅಗ್ಗದ ವೈನ್ ಕುಡಿದು ಇಟಲಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ ಬಾರ್ಬೆರಾ ಹೆಸರಿಗೂ ದೊಡ್ಡ ಪೆಟ್ಟು ಬಿತ್ತು. ಅದನ್ನ ಎತ್ತಿ ನಿಲ್ಲಿಸಿದವರಲ್ಲಿ ವೈನ್ ತಯಾರಕ ಜಾಕೊಮೊ ಬೊಲೊನ್ಯಾ ಮುಖ್ಯರು. 1982ರ ಬೆಳೆಯಿಂದಲೇ ಅವರು ಬಾರ್ಬೆರಾನ ಸಣ್ಣ ಓಕ್ ಪೀಪಾಯಿಯಲ್ಲಿ ಇಡೋಕೆ ಶುರು ಮಾಡಿದ್ರು. ದ್ರಾಕ್ಷಿಯಲ್ಲಿ ಇಲ್ಲದ ಒಗರನ್ನ ಓಕ್ ಸ್ವಲ್ಪ ತುಂಬಿಕೊಡುತ್ತೆ, ಅದು ಅದರ ಹಿಂದಿನ ಉಪಾಯ. ಆದ್ರೂ ನನ್ನ ಮನಸ್ಸು ಓಕ್ ಮುಟ್ಟದ ಬಾರ್ಬೆರಾ ಕಡೆಗೇ. ಮಾಂಸ ತುಂಬಿದ ಅಲ್ಲಿನ ಆನ್ಯೊಲೊತ್ತಿ ಪಾಸ್ತಾ ಜೊತೆ ಆ ಹುಳಿ ಜಿಡ್ಡನ್ನ ಕತ್ತರಿಸೋ ಚೆಂದವೇ ಬೇರೆ.

ದೊಲ್ಚೆತ್ತೊ ಬೇಗ ಹೇಳಿ ಮುಗಿಸಬಹುದು. ಹುಳಿ ಕಡಿಮೆ, ಹಣ್ಣಿನ ರುಚಿ ಮುಂದೆ, ಕೊನೆಯಲ್ಲೊಂದು ಬಾದಾಮಿ ಕಹಿ. ಒಗರು ಜಾಸ್ತಿ ಇಳಿಯಬಾರದು ಅಂತ ಸಿಪ್ಪೆ ಜೊತೆ ಹೆಚ್ಚು ದಿನ ಬಿಡೋದಿಲ್ಲ. ಎಳೆಯದಿದ್ದಾಗಲೇ ಕುಡಿಯೋ ವೈನ್ ಇದು. ದೊಲ್ಯಾನಿ ಊರಿನದು ಮಾತ್ರ ಗಟ್ಟಿ ಆಳು, ಕೆಲವು ವರ್ಷ ತಡ್ಕೊಳ್ಳುತ್ತೆ.

ಈ ಮೂರನ್ನ ಕೆಳಗಿನದು, ನಡುವಿನದು, ಮೇಲಿನದು ಅಂತ ಸಾಲಾಗಿ ನಿಲ್ಲಿಸೋದು ನನಗೆ ಒಪ್ಪಿಗೆ ಇಲ್ಲ. ಅಲ್ಲಿಯ ಊಟದ ಮೇಜಿನಲ್ಲಿ ದೊಲ್ಚೆತ್ತೊ ಮೊದಲ ತಟ್ಟೆಗೆ, ಬಾರ್ಬೆರಾ ಪಾಸ್ತಾಗೆ, ನೆಬ್ಬಿಯೋಲೊ ನಿಧಾನಕ್ಕೆ ಬೆಂದ ಮಾಂಸಕ್ಕೆ. ಒಂದರ ಕೆಲಸ ಇನ್ನೊಂದು ಮಾಡಲ್ಲ.

ಮೊದಲ ಸಲ ನೆಬ್ಬಿಯೋಲೊ ರುಚಿ ನೋಡೋರು ಎಳೆ ಬರೋಲೊ ತೆರೀಬೇಡಿ. ಲೇಬಲ್ ಮೇಲೆ 'ಲಾಂಗೆ ನೆಬ್ಬಿಯೋಲೊ' ಅಂತ ಇರೋದನ್ನ ಹುಡುಕಿ. ಅದೇ ದ್ರಾಕ್ಷಿ, ಅಷ್ಟು ವರ್ಷ ಕಾಯೋ ಕಟ್ಟುಪಾಡಿಲ್ಲ, ಬೆಲೆಯೂ ಸಾಮಾನ್ಯವಾಗಿ ಬರೋಲೊಗಿಂತ ಕಡಿಮೆ. ಗುಲಾಬಿ ಪರಿಮಳ ಅದರಲ್ಲೂ ಸಿಗುತ್ತೆ.